ಖಾಡಿಯಿಂದ ಕೆರೆಗೆ: ಠಾಣೆಯ ಹಳೆಯ ಕಟ್ಟಡಗಳು ಮತ್ತು ಕನ್ನಡ ಶಾಸನಗಳ ಸಾಕ್ಷ್ಯ

ಮುಂಬಯಿಗೆ ಅಂಟಿಕೊಂಡಿರುವ ಠಾಣೆಯನ್ನು ಮರಾಠಿಗರು ಕೆರೆಗಳ ಊರೆಂದು ಕರೆಯುತ್ತಾರೆ. ಮಾಸುಂದಾ, ಕಚರಾಳಿ, ಸಿದ್ಧೇಶ್ವರ, ಮಖಮಲಿ, ರಾಯಲಾದೇವಿ, ಉಪವನ ಮೊದಲಾಗಿ 30ಕ್ಕೂ ಹೆಚ್ಚು ಕೆರೆಗಳು ಅಲ್ಲಿ ಇಂದಿಗೂ ಉಳಿದಿವೆ. 1881ರ ಜನಗಣತಿಯ ವೇಳೆಗೆ ಇಡೀ ಊರಿನ ಜನಸಂಖ್ಯೆ ಸುಮಾರು 14 ಸಾವಿರ. 2011ರ ಗಣತಿಯಲ್ಲಿ ಅದು 18 ಲಕ್ಷ ದಾಟಿತು. ಈ ಬೆಳವಣಿಗೆಯ ಕೆಳಗೆ ಒಂದು ಸಣ್ಣ ಕೆರೆದಂಡೆಯ ಪಟ್ಟಣ ಹುದುಗಿದೆ. ಅದನ್ನು ಗುರುತಿಸುವುದು ಹೇಗೆ, ಆ ಕೆಲಸದಲ್ಲಿ ಕನ್ನಡದ ಆಕರಗಳಿಂದ ಏನು ನೆರವು ಸಿಗುತ್ತದೆ ಎಂಬುದು ಈ ಟಿಪ್ಪಣಿಯ ವಿಷಯ.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅವರ ಚರಿತ್ರೆಯನ್ನು ಹೇಳುವಾಗ ನಾವು ಸಾಮಾನ್ಯವಾಗಿ ಇಪ್ಪತ್ತನೆಯ ಶತಮಾನದ ವಲಸೆಯಿಂದ ಶುರುಮಾಡುತ್ತೇವೆ: ಕರಾವಳಿಯಿಂದ ಹೋಟೆಲಿನ ಕೆಲಸಕ್ಕೆ ಬಂದವರು, ಕಾರ್ಖಾನೆಗೆ ಬಂದವರು, ಬ್ಯಾಂಕಿಗೆ ಬಂದವರು. ಆ ಚರಿತ್ರೆ ನಿಜವಾದದ್ದು, ಗೌರವಕ್ಕೆ ಅರ್ಹವಾದದ್ದು. ಆದರೆ ಕನ್ನಡ ಮತ್ತು ಠಾಣೆಯ ನಂಟಿನ ಲಿಖಿತ ದಾಖಲೆ ಅದಕ್ಕಿಂತ ಬಹಳ ಹಿಂದಿನದು. ಆ ದಾಖಲೆಗಳನ್ನೂ ಊರಿನ ಕಟ್ಟಡಗಳನ್ನೂ ಜೊತೆಗಿಟ್ಟು ನೋಡಿದಾಗ ನನಗೆ ಕಾಣುವುದು ಇದು: ಠಾಣೆಗೆ ಎರಡು ನೀರುಗಳಿವೆ. ಒಂದು ಉಪ್ಪುನೀರಿನ ಖಾಡಿ, ಇನ್ನೊಂದು ಸಿಹಿನೀರಿನ ಕೆರೆ. ಅಧಿಕಾರ ಬಂದದ್ದು, ಹೋದದ್ದು ಖಾಡಿಯ ಕಡೆಯಿಂದ. ಊರು ಬಾಳಿದ್ದು ಕೆರೆಯ ಸುತ್ತ. ಯಾವ ಕಟ್ಟಡ ಯಾವ ನೀರಿನ ಪಕ್ಕದಲ್ಲಿದೆ ಎಂದು ಕೇಳಿದರೆ ಠಾಣೆ ತನ್ನ ಚರಿತ್ರೆಯನ್ನು ಬಿಚ್ಚಿಡುತ್ತದೆ.

1. ನರೇಂದ್ರ ಶಾಸನದಲ್ಲಿ ಠಾಣೆ

ಮೊದಲ ಸಾಕ್ಷಿ ಸಿಗುವುದು ಠಾಣೆಯಲ್ಲಲ್ಲ, ಧಾರವಾಡದ ಹತ್ತಿರದ ನರೇಂದ್ರ ಗ್ರಾಮದಲ್ಲಿ. 1125ರ ಅಲ್ಲಿನ ಕನ್ನಡ ಶಾಸನ ಗೋವೆಯ ಕದಂಬರ ವಂಶಚರಿತ್ರೆಯನ್ನು ಹೇಳುತ್ತದೆ. ಎಲ್. ಡಿ. ಬಾರ್ನೆಟ್ ಅದನ್ನು ಸಂಪಾದಿಸಿ ‘ಎಪಿಗ್ರಾಫಿಯಾ ಇಂಡಿಕಾ’ದ 13ನೆಯ ಸಂಪುಟದಲ್ಲಿ ಪ್ರಕಟಿಸಿದರು. ಅದರ ಕಥನದಲ್ಲಿ ಕದಂಬ ದೊರೆ ಎರಡನೆಯ ಷಷ್ಠದೇವ, ಅಂದರೆ ಚಟ್ಟಯ್ಯದೇವ, ಹಡಗುಗಳೊಡನೆ ಸಮುದ್ರವಿಹಾರ ಮಾಡುತ್ತಾನೆ. ಸುದ್ದಿ ತಿಳಿದ ಠಾಣೆಯ ಮುಮ್ಮುರಿ ಎದುರು ಬಂದು, ಕಂಡು, ಪ್ರೀತಿಯಿಂದ ಅರಮನೆಗೆ ಕರೆದೊಯ್ಯುತ್ತಾನೆ; ಮಗಳನ್ನು ವೈಭವದಿಂದ ಧಾರೆಯೆರೆದು ಕೊಡುತ್ತಾನೆ; ಅಳಿಯನಿಗೆ 5 ಲಕ್ಷ ಹೊನ್ನು ಕೊಡುತ್ತಾನೆ. ಈ ಮುಮ್ಮುರಿಯೇ ಉತ್ತರ ಕೊಂಕಣದ ಶಿಲಾಹಾರ ದೊರೆ ಮುಮ್ಮುಣಿ, ಅಂಬರನಾಥದ ಶಾಸನದ ಮಾಮ್ವಾಣಿ.

ಈ ಸಾಕ್ಷ್ಯವನ್ನು ಎಚ್ಚರದಿಂದ ಬಳಸಬೇಕು. ಘಟನೆ ಹನ್ನೊಂದನೆಯ ಶತಮಾನದ್ದು. ಬರಹ ಹನ್ನೆರಡನೆಯ ಶತಮಾನದ್ದು. ಬರೆಸಿದವರು ವರನ ಕಡೆಯವರು. ಮಾವ ಓಡಿಬಂದು ಎದುರುಗೊಂಡನೆಂಬುದೂ ಹೊನ್ನಿನ ಮೊತ್ತವೂ ಪ್ರಶಸ್ತಿಯ ಮಾತಿರಬಹುದು. ಮುಂದಿನ ತಲೆಮಾರಿನಲ್ಲಿ ಈ ಬೀಗತನ ನಿಲ್ಲಲೂ ಇಲ್ಲ. ಷಷ್ಠದೇವನ ಮಗ ಒಂದನೆಯ ಜಯಕೇಶಿ ಕಪರ್ದಿಕದ್ವೀಪದ, ಅಂದರೆ ಠಾಣೆ ಇರುವ ಸಾಷ್ಟಿ ಸೀಮೆಯ, ಅರಸನನ್ನು ಕೊಂದನೆಂದು ಗೋವೆಯ ಕದಂಬರ ದಾಖಲೆಗಳೇ ಹೇಳುತ್ತವೆ.

ಇಷ್ಟನ್ನು ಕಳೆದ ಮೇಲೂ ಗಟ್ಟಿಯಾಗಿ ಉಳಿಯುವ ಅಂಶಗಳಿವೆ. ಹನ್ನೆರಡನೆಯ ಶತಮಾನದ ಧಾರವಾಡ ಸೀಮೆಯ ಕನ್ನಡ ಕವಿಗೆ ಠಾಣೆ ಎಲ್ಲಿದೆಯೆಂದು ವಿವರಿಸಿ ಹೇಳಬೇಕೆನಿಸಲಿಲ್ಲ. ಅದು ಹೆಸರಾದ ಊರು, ಕೇಳುವವರಿಗೆ ಗೊತ್ತಿದ್ದ ಊರು. ಅದನ್ನು ತಲುಪುವ ದಾರಿ ಅವನ ಮನಸ್ಸಿನಲ್ಲಿ ಸಮುದ್ರದ ದಾರಿ. ಬಂದವನು ಹಡಗಿನಿಂದ ಇಳಿಯುತ್ತಾನೆ, ಊರೊಳಕ್ಕೆ ಕರೆದೊಯ್ಯಲ್ಪಡುತ್ತಾನೆ. ಖಾಡಿ ಬಾಗಿಲು, ಊರು ಅದರ ಒಳಗೆ ಎಂಬ ಭೂಗೋಳ ಈ ಕನ್ನಡ ಪಠ್ಯದಲ್ಲೇ ಇದೆ.

2. ಕೋಟೆಯ ಪಾಯದಲ್ಲಿ ಸಿಕ್ಕ ತಾಮ್ರಪಟ

ಎರಡನೆಯ ಸಾಕ್ಷಿ ಠಾಣೆಯ ನೆಲದಿಂದಲೇ ಬಂದದ್ದು. 1787ರಲ್ಲಿ ಠಾಣೆಯ ಕೋಟೆಯಲ್ಲಿ ಹೊಸ ಕಾಮಗಾರಿಗೆ ಪಾಯ ತೋಡುತ್ತಿದ್ದಾಗ ಒಂದು ತಾಮ್ರಪಟ ಸಿಕ್ಕಿತು. ಜನರಲ್ ಕಾರ್ನಾಕ್ ಅದರ ಪಠ್ಯವನ್ನು ಕಲ್ಕತ್ತೆಗೆ ಕಳಿಸಿದರು. ಅನುವಾದ ‘ಏಷ್ಯಾಟಿಕ್ ರಿಸರ್ಚಸ್’ನ ಮೊದಲ ಸಂಪುಟದಲ್ಲೇ ಅಚ್ಚಾಯಿತು. ಭಾರತೀಯ ಶಾಸನಶಾಸ್ತ್ರವೆಂಬ ವಿದ್ಯೆ ಕಣ್ಣು ಬಿಡುತ್ತಿದ್ದ ಕಾಲವದು. ಹಾಗಾಗಿ ಆ ವಿದ್ಯೆಯ ಮೊಟ್ಟಮೊದಲ ಕಡತಗಳಲ್ಲಿ ಠಾಣೆಯ ಹೆಸರಿದೆ.

ಪಟ ಶಿಲಾಹಾರ ಅರಿಕೇಸರಿಯದು, ಶಕ 939, ಅಂದರೆ ಕ್ರಿ.ಶ. 1017. ಭಾಷೆ ಸಂಸ್ಕೃತ. ಆದರೆ ಅದರೊಳಗಿನ ಜನರ ಹೆಸರುಗಳನ್ನು ಓದಿದಾಗ ಕನ್ನಡ ಕಿವಿ ನಿಲ್ಲುತ್ತದೆ. ದಾನ ಪಡೆದವನು ತಿಕ್ಕಪೈಯ, ಒಬ್ಬ ಜ್ಯೋತಿಷಿಯ ಮಗ. ಮಂತ್ರಿಗಳ ಹೆಸರುಗಳೂ ವಾಸಪೈಯ ಎಂಬಂಥವು. ಒಂಬತ್ತು ವರ್ಷಗಳ ಅನಂತರ, 1026ರಲ್ಲಿ, ಅದೇ ಮನೆತನದ ಛಿತ್ತರಾಜ ಹೊರಡಿಸಿದ ಭಾಂಡುಪ್ ತಾಮ್ರಪಟದಲ್ಲಿ ಸರ್ವಾಧಿಕಾರಿ ನಾಗಣೈಯ, ಸಾಂಧಿವಿಗ್ರಹಿಕ ಸೀಹಪೈಯ. ಇವರ ಸಾಲಿನಲ್ಲಿ ಇನ್ನೊಬ್ಬ ಅಧಿಕಾರಿಯೂ ಇದ್ದಾನೆ: ಕಪರ್ದಿ, ಕರ್ಣಾಟ-ಸಾಂಧಿವಿಗ್ರಹಿಕ.

ಈ ಕೊನೆಯ ಹುದ್ದೆ ಈ ಟಿಪ್ಪಣಿಯ ದೃಷ್ಟಿಯಿಂದ ಬಹಳ ಮುಖ್ಯ. ಸಂಧಿ ಮತ್ತು ಯುದ್ಧದ ವ್ಯವಹಾರಕ್ಕೆ ಒಬ್ಬ ಅಧಿಕಾರಿ ಇದ್ದಾಗಲೂ ಕರ್ನಾಟಕದ ವ್ಯವಹಾರಕ್ಕೆಂದೇ ಇನ್ನೊಬ್ಬನನ್ನು ಇಟ್ಟುಕೊಳ್ಳಬೇಕಾದ ಅಗತ್ಯ ಉತ್ತರ ಕೊಂಕಣದ ಆಸ್ಥಾನಕ್ಕಿತ್ತು. ಕಾರಣ ಊಹಿಸುವುದು ಕಷ್ಟವಲ್ಲ. 1024ರ ಹೊತ್ತಿಗೆ ಕಲ್ಯಾಣ ಚಾಲುಕ್ಯ ಜಯಸಿಂಹ ಏಳು ಕೊಂಕಣಗಳ ಒಡೆಯರ ಸರ್ವಸ್ವವನ್ನು ವಶಪಡಿಸಿಕೊಂಡುದಾಗಿ ಮಿರಜ ತಾಮ್ರಪಟ ಹೇಳುತ್ತದೆ. ಎರಡೇ ವರ್ಷದ ಮೇಲೆ ಬಂದದ್ದು ಭಾಂಡುಪ್ ಪಟ. ಘಟ್ಟದ ಮೇಲಿನ ಕನ್ನಡ ಸಾಮ್ರಾಜ್ಯ ಠಾಣೆಯ ದೊರೆಗೆ ದಿನನಿತ್ಯದ ರಾಜಕಾರಣವಾಗಿತ್ತು.

ಹೆಸರುಗಳಿಂದ ಎಷ್ಟು ದೂರ ಹೋಗಬಹುದು? ‘ಅಯ್ಯ’ ಎಂದು ಮುಗಿಯುವ ಹೆಸರುಗಳು ಆ ಆಸ್ಥಾನದಲ್ಲಿ ದಕ್ಷಿಣದ ಮೂಲದ, ಬಹುಮಟ್ಟಿಗೆ ಕನ್ನಡ ಸಂಪರ್ಕದ, ಕುಟುಂಬಗಳಿದ್ದುದನ್ನು ತೋರಿಸುತ್ತವೆ ಎಂದು 1882ರ ಬಾಂಬೆ ಗೆಜೆಟಿಯರಿನ ಕಾಲದಿಂದಲೂ ವಿದ್ವಾಂಸರು ಗುರುತಿಸಿದ್ದಾರೆ. ‘ಗಂಡ’ ಸೇರಿದ ಕನ್ನಡ ಬಿರುದುಗಳೂ ಈ ವಂಶದ ಶಾಸನಗಳಲ್ಲಿವೆ. ವಿ. ವಿ. ಮಿರಾಶಿಯವರು 1977ರಲ್ಲಿ ಪ್ರಕಟಿಸಿದ ಶಿಲಾಹಾರ ಶಾಸನಗಳ ಸಂಪುಟದಲ್ಲಿ ಇವನ್ನೆಲ್ಲ ಒಂದೆಡೆ ನೋಡಬಹುದು. ಇದರಿಂದ ಠಾಣೆಯ ಜನಸಾಮಾನ್ಯರು ಕನ್ನಡ ಮಾತಾಡುತ್ತಿದ್ದರೆಂಬ ತೀರ್ಮಾನ ಹೊರಡುವುದಿಲ್ಲ. ಅದೇ ಅರಿಕೇಸರಿಯ ಕಾಲದ, ಅಲಿಬಾಗ್ ಸಮೀಪದ ಅಕ್ಷಿ ಶಾಸನ ಮರಾಠಿಯ ಅತಿ ಹಳೆಯ ಶಾಸನಗಳಲ್ಲಿ ಒಂದೆಂದು ಎಣಿಕೆಯಾಗಿದೆ. ಮರಾಠಿಯ ಮತ್ತೊಂದು ಹಳೆಯ ಸಾಲು ನಮ್ಮ ಶ್ರವಣಬೆಳಗೊಳದಲ್ಲಿ, ಗೊಮ್ಮಟನ ಪಾದದ ಬಳಿ ಇದೆ. ಕೊಂಕಣದ ಪಟದಲ್ಲಿ ಕನ್ನಡದ ಹೆಸರು, ಗೊಮ್ಮಟನ ಕಲ್ಲಿನಲ್ಲಿ ಮರಾಠಿಯ ಸಾಲು. ಈ ಎರಡನ್ನೂ ಒಟ್ಟಿಗೆ ಹಿಡಿದು ನೋಡುವವರಿಗೆ ಎರಡು ಭಾಷೆಗಳ ನಡುವೆ ಅಂದು ಬೇಲಿ ಇರಲಿಲ್ಲ ಎಂಬುದು ಸ್ಪಷ್ಟವಾಗುತ್ತದೆ.

3. ಮಾನ್ಯಖೇಟದ ನೆನಪು

ಠಾಣೆಯ ಪಶ್ಚಿಮಕ್ಕೆ ಯೇವೂರ್ ಬೆಟ್ಟಗಳಿವೆ. ಉಪವನ ಕೆರೆ ಅವುಗಳ ಬುಡದಲ್ಲಿದೆ. ಆ ಕಾಡಿನ ಒಳಮೈಯಲ್ಲಿ ಕಾನ್ಹೇರಿಯ ಬೌದ್ಧ ಗುಹೆಗಳು. ಅಲ್ಲಿನ ಶಕ 765 (ಕ್ರಿ.ಶ. 843) ಮತ್ತು ಶಕ 799 (ಕ್ರಿ.ಶ. 877) ಮೊದಲಾದ ಬರಹಗಳಲ್ಲಿ ಶಿಲಾಹಾರ ಪುಲ್ಲಶಕ್ತಿ ಮತ್ತು ಎರಡನೆಯ ಕಪರ್ದಿ ತಮ್ಮ ಸಾರ್ವಭೌಮನೆಂದು ಹೆಸರಿಸುವುದು ಅಮೋಘವರ್ಷನನ್ನು. ಕಲಬುರಗಿ ಜಿಲ್ಲೆಯ ಇಂದಿನ ಮಳಖೇಡದಿಂದ ಆಳಿದ ರಾಷ್ಟ್ರಕೂಟ ದೊರೆ ಅವನು. ‘ಕವಿರಾಜಮಾರ್ಗ’ ಹುಟ್ಟಿದ್ದು ಅವನ ಆಸ್ಥಾನದಲ್ಲಿ. ಕನ್ನಡದ ಮೊದಲ ಉಪಲಬ್ಧ ಗ್ರಂಥವೂ ಕಾನ್ಹೇರಿಯ ಈ ಕಲ್ಬರಹಗಳೂ ಒಬ್ಬನೇ ದೊರೆಯ ಆಳ್ವಿಕೆಯವು.

ಇದಕ್ಕಿಂತ ಮನಸ್ಸನ್ನು ತಟ್ಟುವ ದಾಖಲೆ ಭಿವಂಡಿ ಸಮೀಪದ ಭಾದಾಣೆಯ ತಾಮ್ರಪಟ. ಶಕ 919, ಕ್ರಿ.ಶ. 997, ಶಿಲಾಹಾರ ಅಪರಾಜಿತನದು. ಲೋಣಾದಿತ್ಯನೆಂಬ ಸೂರ್ಯದೇವರಿಗೆ ಭಾದಾಣೆ ಗ್ರಾಮವನ್ನು ಬಿಟ್ಟ ದಾನಪತ್ರ. ಅಷ್ಟರಲ್ಲಿ ರಾಷ್ಟ್ರಕೂಟರು ಇರಲಿಲ್ಲ. 973ರಲ್ಲಿ ತೈಲಪ ಕೊನೆಯ ದೊರೆ ಕರ್ಕನನ್ನು ಸೋಲಿಸಿ ಚಾಲುಕ್ಯ ರಾಜ್ಯವನ್ನು ಮತ್ತೆ ಎತ್ತಿದ್ದ. ಹಾಗಿದ್ದೂ ಅಪರಾಜಿತ ತನ್ನ ಪಟದಲ್ಲಿ ರಾಷ್ಟ್ರಕೂಟರ ಇಡೀ ವಂಶಾವಳಿಯನ್ನು ಬರೆಸುತ್ತಾನೆ. ಆ ರಟ್ಟರ ರಾಜ್ಯ ಈಗ ನೆನಪಾಗಿ ಮಾತ್ರ ಉಳಿದಿದೆ ಎಂಬ ಭಾವದ ಮಾತನ್ನೂ ಸೇರಿಸುತ್ತಾನೆ. ಗೆದ್ದ ಚಾಲುಕ್ಯನನ್ನು ಒಡೆಯನೆಂದು ಕೂಡಲೇ ಹೊಗಳುವುದು ಸಾಮಂತನಿಗೆ ಲಾಭದ ದಾರಿಯಾಗಿತ್ತು. ಅದನ್ನು ಬಿಟ್ಟು ಕಾಲು ಶತಮಾನದ ಹಿಂದೆ ಅಳಿದ ಮನೆತನವನ್ನು ನೆನೆದ ಈ ಪಟ ನನ್ನ ದೃಷ್ಟಿಯಲ್ಲಿ ಕರ್ನಾಟಕದ ಚರಿತ್ರೆಯ ಅತ್ಯಂತ ನಿಷ್ಠೆಯ ದಾಖಲೆಗಳಲ್ಲಿ ಒಂದು. ಅದು ಸಿಕ್ಕಿದ್ದು ಠಾಣೆ ಜಿಲ್ಲೆಯಲ್ಲಿ.

ವಿದ್ಯೆಯ ವಿನಿಮಯವೂ ಇದೇ ದಾರಿಯಲ್ಲಿ ನಡೆಯಿತು. ಚಾಲುಕ್ಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಬರೆದ. ಒಂದು ತಲೆಮಾರು ಕಳೆಯುವಷ್ಟರಲ್ಲಿ ಅದೇ ಸ್ಮೃತಿಗೆ ಇನ್ನೊಂದು ದೊಡ್ಡ ವ್ಯಾಖ್ಯಾನ ಶಿಲಾಹಾರ ಅಪರಾದಿತ್ಯನ ಹೆಸರಿನಲ್ಲಿ ಹೊರಬಂತು. ಅದು ‘ಅಪರಾರ್ಕ’ವೆಂದು ಪ್ರಸಿದ್ಧ. ಈ ಅಪರಾದಿತ್ಯ ಕಾಶ್ಮೀರದ ವಿದ್ವತ್ಸಭೆಗೆ ತೇಜಕಂಠನೆಂಬ ದೂತನನ್ನು ಕಳಿಸಿದ್ದನ್ನು ಮಂಖನ ‘ಶ್ರೀಕಂಠಚರಿತ’ ದಾಖಲಿಸುತ್ತದೆ. ಕೆರೆದಂಡೆಯ ಈ ಸಣ್ಣ ರಾಜಧಾನಿಯ ಮಾತು ಕಾಶ್ಮೀರದವರೆಗೆ ಹೋಗುತ್ತಿತ್ತು.

4. ಖಾಡಿಯ ದಂಡೆಯ ಕಟ್ಟಡಗಳು

ಇನ್ನು ಕಣ್ಣಿಗೆ ಕಾಣುವ ಊರಿಗೆ ಬರೋಣ. ಖಾಡಿಯ ಕಡೆಯಲ್ಲಿ ಮೊದಲು ಎದುರಾಗುವುದು ಕೋಟೆ. ಪೋರ್ಚುಗೀಸರು 1730ರಲ್ಲಿ ಅದನ್ನು ಕಟ್ಟತೊಡಗಿದರು. ಕೆಲಸ ಮುಗಿಯುವ ಮುನ್ನವೇ, 1737ರಲ್ಲಿ, ಚಿಮಾಜಿ ಅಪ್ಪನ ಮರಾಠಾ ಸೈನ್ಯ ಠಾಣೆಯನ್ನು ಹಿಡಿಯಿತು. 1774ರ ಡಿಸೆಂಬರಿನಲ್ಲಿ ಅದು ಇಂಗ್ಲಿಷರದಾಯಿತು. ಮುಂದೆ ಸೆರೆಮನೆಯಾಯಿತು, ಈಗಲೂ ಠಾಣೆಯ ಮಧ್ಯವರ್ತಿ ಕಾರಾಗೃಹವಾಗಿದೆ. 1816ರಲ್ಲಿ ಪೇಶ್ವೆಯ ಮಂತ್ರಿ ತ್ರ್ಯಂಬಕಜಿ ಡೇಂಗಳೆ ತಪ್ಪಿಸಿಕೊಂಡು ಹೋದದ್ದು ಇಲ್ಲಿಂದ. ನಾಸಿಕದ ಕಲೆಕ್ಟರ್ ಜಾಕ್ಸನ್ ಹತ್ಯೆಗಾಗಿ ಅನಂತ ಕಾನ್ಹೇರೆ, ಕರ್ವೆ, ದೇಶಪಾಂಡೆ ಎಂಬ ಮೂವರು ತರುಣರನ್ನು 1910ರ ಏಪ್ರಿಲ್ 19ರಂದು ಗಲ್ಲಿಗೇರಿಸಿದ್ದೂ ಇಲ್ಲೇ. ಅರಿಕೇಸರಿಯ ಪಟ ಸಿಕ್ಕಿದ್ದು ಇದೇ ಕೋಟೆಯ ನೆಲದಲ್ಲಿ ಎಂಬುದನ್ನು ಸೇರಿಸಿಕೊಂಡರೆ ಶಿಲಾಹಾರ, ಪೋರ್ಚುಗೀಸ್, ಮರಾಠಾ, ಇಂಗ್ಲಿಷ್ ಎಂಬ ನಾಲ್ಕು ಪದರಗಳು ಒಂದೇ ಗೋಡೆಯೊಳಗೆ ಸಿಗುತ್ತವೆ.

ರೈಲು ಕೂಡ ಖಾಡಿಯ ಕಡೆಗೇ ಬಂದದ್ದು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು 14 ಡಬ್ಬಿಗಳಲ್ಲಿ ಸುಮಾರು 400 ಜನರನ್ನು ಹೊತ್ತು 34 ಕಿಲೋಮೀಟರ್ ಓಡಿ ಠಾಣೆಯಲ್ಲಿ ನಿಂತಿತು. ಮರುವರ್ಷ, 1854ರ ಮೇ 1ರಂದು, ಹಳಿ ಖಾಡಿಯನ್ನು ದಾಟಿ ಕಲ್ಯಾಣ ತಲುಪಿತು. ಷಷ್ಠದೇವನ ಹಡಗಿನಿಂದ ಈ ಹಬೆಬಂಡಿಯವರೆಗೆ ಹೊರಗಿನದೆಲ್ಲ ಊರಿಗೆ ಬಂದದ್ದು ಪೂರ್ವದ ನೀರಿನ ಪಕ್ಕದಿಂದಲೇ.

5. ಮಾಸುಂದಾ ದಂಡೆಯ ಕಟ್ಟಡಗಳು

ನಿಲ್ದಾಣದಿಂದ ಪಶ್ಚಿಮಕ್ಕೆ ಪೇಟೆಯನ್ನು ದಾಟಿದರೆ ಮಾಸುಂದಾ ಕೆರೆ. ಊರವರ ಬಾಯಲ್ಲಿ ಅದು ‘ತಲಾವ್ ಪಾಳಿ’. ಅದರ ಪೂರ್ವಕ್ಕೆ ಕೌಪಿನೇಶ್ವರ ದೇವಾಲಯ. ಸ್ಥಳದ ಹಿರಿಮೆಯನ್ನು ಪರಂಪರೆ ಶಿಲಾಹಾರರ ಕಾಲಕ್ಕೆ ಒಯ್ಯುತ್ತದೆ. ಇಂದು ಕಾಣುವ ಗುಡಿ ಕಟ್ಟಿದ್ದು 1760ರಲ್ಲಿ, ಮರಾಠರ ಸರಸುಭೇದಾರ ರಾಮಾಜಿ ಮಹಾದೇವ ಬಿವಲಕರ್. 1879ರಲ್ಲಿ ಊರವರ ವಂತಿಗೆಯಿಂದ ಅದು ಜೀರ್ಣೋದ್ಧಾರವಾಯಿತು. ಒಳಗಿನ ಶಿವಲಿಂಗ ಎದೆಮಟ್ಟಕ್ಕೆ ಬರುವಷ್ಟು ದೊಡ್ಡದು.

ಇಲ್ಲಿ ಕರ್ನಾಟಕದ ಕೆರೆಗಳನ್ನು ಬಲ್ಲವರ ಕಣ್ಣು ಒಂದು ವಿಷಯವನ್ನು ಬೇಗ ಹಿಡಿಯುತ್ತದೆ. ಈಗ ಗುಡಿಗೂ ನೀರಿಗೂ ನಡುವೆ ರಸ್ತೆ ಮತ್ತು ಜಾಂಭಳಿ ನಾಕಾದ ಸಂತೆ ತುಂಬಿಕೊಂಡಿವೆ. ಅವನ್ನು ಮನಸ್ಸಿನಲ್ಲಿ ತೆಗೆದಿಟ್ಟು ನೋಡಿದರೆ ಶಿವಾಲಯ, ಅದರ ಸನಿಹದಲ್ಲೇ ನೀರು, ನೀರಿನ ಅಂಚಿಗೆ ಪೇಟೆ ಎಂಬ ಜೋಡಣೆ ಹೊರಬರುತ್ತದೆ. ಬಳ್ಳಿಗಾವೆಯ ಕೇದಾರೇಶ್ವರ ಮತ್ತು ಅದರ ಕೆರೆ, ದೋರಸಮುದ್ರದ ಹೊಯ್ಸಳೇಶ್ವರ ಮತ್ತು ಅದರ ಕೆರೆ ಇದೇ ಜೋಡಣೆಯವು. ನಮ್ಮ ಶಾಸನಗಳಲ್ಲಿ ಕೆರೆ, ಗುಡಿ, ಸಂತೆಗಳು ಒಂದೇ ದಾನದ ಮೂರು ಬಾಯಿಗಳಾಗಿ ಮತ್ತೆ ಮತ್ತೆ ಬರುತ್ತವೆ: ಕೆರೆಯ ಕೆಳಗಿನ ಗದ್ದೆಯ ಹುಟ್ಟುವಳಿ ದೇವರಿಗೆ, ಸಂತೆಯ ಸುಂಕದ ಒಂದು ಪಾಲು ದೀಪಕ್ಕೆ, ಅದೇ ಹಣದಿಂದ ಏರಿಯ ದುರಸ್ತಿ. ಮಾಸುಂದಾಗೆ ಅಂಥ ದಾನಶಾಸನ ಇದೆಯೆಂದು ನಾನು ಹೇಳುತ್ತಿಲ್ಲ. ಠಾಣೆಯ ನಡುಪೇಟೆಯ ನಕ್ಷೆಯನ್ನು ಓದಲು ದಖ್ಖನಿನ ಆ ಕೆರೆಯೂರಿನ ಮಾದರಿ ಒಳ್ಳೆಯ ಕೀಲಿ ಎಂಬುದಷ್ಟೇ ನನ್ನ ವಾದ.

ಅದೇ ಕೆರೆಯ ಇನ್ನೊಂದು ಅಂಚಿನಲ್ಲಿ ಪೋರ್ಚುಗೀಸ್ ಕಾಲದಲ್ಲಿ ಬೇರೂರಿದ ಸಂತ ಜಾನ್ ಬ್ಯಾಪ್ಟಿಸ್ಟ್ ಇಗರ್ಜಿ ಇದೆ. ಫ್ರಾನ್ಸಿಸ್ಕನ್ ಪಾದ್ರಿಗಳ ಪರಂಪರೆಯದು. ಅದಕ್ಕೂ ಮೊದಲೇ, 1321ರಲ್ಲಿ, ಠಾಣೆಯಲ್ಲಿ ನಾಲ್ವರು ಫ್ರಾನ್ಸಿಸ್ಕನ್ ಸನ್ಯಾಸಿಗಳು ಹತರಾದ ಸಂಗತಿ ಯುರೋಪಿನಲ್ಲಿ ಪ್ರಸಿದ್ಧವಾಗಿತ್ತು. ಒಡೊರಿಕೊ ಎಂಬ ಯಾತ್ರಿಕ ಅವರ ಅಸ್ಥಿಗಳನ್ನು ಕೊಂಡೊಯ್ದ. ಕೆರೆಯ ದಡದಲ್ಲೇ 1970ರ ದಶಕದ ಕೊನೆಯಲ್ಲಿ ಎದ್ದ ಗಡಕರಿ ರಂಗಾಯತನ ಮರಾಠಿ ನಾಟಕಕಾರ ರಾಮ ಗಣೇಶ ಗಡಕರಿಯವರ ಹೆಸರಿನದು. ಬೇರೆ ಬೇರೆ ಕಾಲದ ಜನ ದೇವರಿಗೂ ರಂಗಭೂಮಿಗೂ ಮನೆ ಕಟ್ಟಬೇಕೆನಿಸಿದಾಗ ಇದೇ ನೀರಿನ ಅಂಚನ್ನು ಆರಿಸಿಕೊಂಡರು. ಊರಿನ ಹೃದಯ ಎಲ್ಲಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಡ. ಇಂದಿಗೂ ದೀಪಾವಳಿಯ ಮುಂಜಾನೆ ಠಾಣೆಯ ಯುವಜನ ಸೇರುವುದು ಇಲ್ಲೇ. ಯುಗಾದಿಯ ದಿನ ಹೊಸವರ್ಷದ ಮೆರವಣಿಗೆಯಲ್ಲಿ ಕೌಪಿನೇಶ್ವರನ ಪಲ್ಲಕ್ಕಿ ಹೊರಡುತ್ತದೆ.

ರೈಲು ಬಂದ ಅನಂತರದ ನಾಲ್ಕು ದಶಕಗಳಲ್ಲಿ ಈ ಪಟ್ಟಣ ತನ್ನ ಸಾರ್ವಜನಿಕ ಬದುಕನ್ನು ಕಟ್ಟಿಕೊಂಡ ರೀತಿ ಗಮನಾರ್ಹ. 1863ರಲ್ಲಿ ಪುರಸಭೆ. 1866ರಲ್ಲಿ ‘ಅರುಣೋದಯ’ ಪತ್ರಿಕೆ. 1879ರಲ್ಲಿ ಬೆನೆ ಇಸ್ರಾಯೇಲ್ ಯಹೂದಿಗಳ ಶಾರ್ ಹಶ್ಶಾಮಾಯಿಂ ಪ್ರಾರ್ಥನಾಮಂದಿರ. ಕೊಂಕಣದ ಹಳ್ಳಿಗಳಲ್ಲಿ ಗಾಣದ ಎಣ್ಣೆ ತೆಗೆದು ಬದುಕುತ್ತ, ಶನಿವಾರ ಗಾಣ ನಿಲ್ಲಿಸುವುದರಿಂದ ‘ಶನಿವಾರ್ ತೇಲಿ’ ಎನಿಸಿಕೊಂಡ, ಮರಾಠಿ ಮನೆಮಾತಿನ ಸಮುದಾಯವದು. ಕೌಪಿನೇಶ್ವರನ ಜೀರ್ಣೋದ್ಧಾರವೂ ಅದೇ ವರ್ಷದ್ದು. ಹದಿನಾಲ್ಕು ಸಾವಿರ ಜನರ ಊರಿನಲ್ಲಿ ಒಂದೇ ವರ್ಷ ಎರಡು ಸಮುದಾಯಗಳು ತಮ್ಮ ದೇವರ ಮನೆಗಳ ಕೆಲಸ ಮುಗಿಸಿದವು. 1893ರಲ್ಲಿ ಮರಾಠಿ ಗ್ರಂಥಸಂಗ್ರಹಾಲಯ ಸ್ಥಾಪನೆಯಾಯಿತು. ಒಂದು ಭಾಷೆಯ ಪುಸ್ತಕಗಳನ್ನೆಲ್ಲ ಒಂದೆಡೆ ಕೂಡಿಡುವ ಸಂಕಲ್ಪವನ್ನು ಒಂದು ಸಣ್ಣ ಜಿಲ್ಲಾಕೇಂದ್ರ ಮಾಡಿತು ಎಂಬುದೇ ದೊಡ್ಡ ಮಾತು. ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ್ದು ಅದಾದ 22 ವರ್ಷಗಳ ಮೇಲೆ, 1915ರಲ್ಲಿ.

6. ಅಂಬರನಾಥದ ಸಾಕ್ಷಿ

ಠಾಣೆಯಲ್ಲಿ ಶಿಲಾಹಾರರ ಕಟ್ಟಡ ಇಡಿಯಾಗಿ ನಿಂತಿಲ್ಲ. ಅವರ ಕಾಲದ ಕೈಚಳಕ ಎಂಥದೆಂದು ತಿಳಿಯಲು ಕಲ್ಯಾಣದಿಂದ ಆಚೆ ಅಂಬರನಾಥಕ್ಕೆ ಹೋಗಬೇಕು. ವಾಲಧುನಿ ಹೊಳೆಯ ದಂಡೆಯಲ್ಲಿ ಕಪ್ಪುಶಿಲೆಯ ಶಿವಾಲಯ. ಮಂಟಪದಿಂದ ಮೆಟ್ಟಿಲಿಳಿದು ಗರ್ಭಗುಡಿಗೆ ಹೋಗಬೇಕು. ಶಿಖರದ ಮೇಲ್ಭಾಗ ಬಿದ್ದುಹೋಗಿದೆ. ಉತ್ತರದ ಬಾಗಿಲಿನ ಒಳಗಿನ ಬರಹದ ಕಾಲವನ್ನು ಡಾ. ಭಾವು ದಾಜಿ ಶಕ 782 ಎಂದು ಓದಿದ್ದರು. ಪಂಡಿತ ಭಗವಾನ್‌ಲಾಲ್ ಇಂದ್ರಜಿ ಅದನ್ನು ಶಕ 982 ಎಂದು ತಿದ್ದಿದರು. ಒಂದು ಅಂಕಿಯ ತಿದ್ದುಪಡಿಯಿಂದ ಗುಡಿ 200 ವರ್ಷ ಈಚೆಗೆ, 1060ಕ್ಕೆ, ಬಂತು. ಛಿತ್ತರಾಜ ಮೊದಲಿಟ್ಟದ್ದನ್ನು ಮಾಮ್ವಾಣಿಯ ಕಾಲದಲ್ಲಿ ಪೂರೈಸಿದರೆಂಬ ಕ್ರಮ ಸ್ಪಷ್ಟವಾಯಿತು. ಕರ್ಣಾಟ-ಸಾಂಧಿವಿಗ್ರಹಿಕನನ್ನು ಇಟ್ಟುಕೊಂಡಿದ್ದ ದೊರೆ ಶುರುಮಾಡಿದ ಗುಡಿಯನ್ನು ಮುಗಿಸಿದ್ದು ನರೇಂದ್ರ ಶಾಸನದ ಮುಮ್ಮುರಿ.

ಅಂಬರನಾಥದ ಶಿಖರ ಭೂಮಿಜ ಶೈಲಿಯದು: ನಾಲ್ಕು ದಿಕ್ಕಿಗೆ ನಾಲ್ಕು ಪಟ್ಟಿಗಳು, ಅವುಗಳ ನಡುವೆ ಸಾಲು ಸಾಲಾಗಿ ಏರುವ ಕಿರುಶಿಖರಗಳು. ದಖ್ಖನಿನ ಭೂಮಿಜ ಗುಡಿಗಳಲ್ಲಿ ಇಸವಿ ತಿಳಿದಿರುವ ಅತಿ ಹಳೆಯವುಗಳಲ್ಲಿ ಇದು ಸೇರುತ್ತದೆ. ಕನ್ನಡ ಓದುಗರು ಈ ಶೈಲಿಯನ್ನು ಬೇಲೂರಿನಲ್ಲಿ ಕಂಡಿದ್ದಾರೆ. ಚೆನ್ನಕೇಶವ ದೇವಾಲಯದ ಬಾಗಿಲುಗಳ ಇಕ್ಕೆಲದಲ್ಲಿ ನಿಂತ ಪುಟ್ಟ ಗುಡಿಗಳ ಶಿಖರಗಳು ಭೂಮಿಜ ಮಾದರಿಯವು. ಅಂಬರನಾಥದಲ್ಲಿ ಪೂರ್ಣಪ್ರಮಾಣದಲ್ಲಿ ಎದ್ದ ರೂಪವನ್ನು ಆರೇಳು ದಶಕಗಳ ಅನಂತರ ಹೊಯ್ಸಳ ರೂವಾರಿಗಳು ಅಲಂಕಾರದ ಕಿರುರೂಪವಾಗಿ ಬಳಸಿದರು. ಬೇಲೂರಿನವರು ಅಂಬರನಾಥವನ್ನೇ ನೋಡಿದ್ದರೆಂದು ಹೇಳಲು ಆಧಾರ ಸಾಲದು; ರೂಪಗಳು ಘಟ್ಟ ಹತ್ತಿ ಇಳಿಯುತ್ತಿದ್ದವು ಎಂಬುದಕ್ಕೆ ಎರಡೂ ಗುಡಿಗಳು ಸಾಕ್ಷಿ.

7. ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿ

ಕಲ್ಯಾಣವೆಂದ ಕೂಡಲೇ ಕನ್ನಡಿಗರ ಮನಸ್ಸಿಗೆ ಬರುವುದು ಬಸವಣ್ಣನವರ ಕಲ್ಯಾಣ. ಅದು ಬೀದರ್ ಜಿಲ್ಲೆಯದು. ಉಲ್ಹಾಸ್ ನದಿಯ ಈ ಕಲ್ಯಾಣ ಬೇರೆ, ಕಾನ್ಹೇರಿಯ ದಾನಿಗಳು ಸಾತವಾಹನರ ಕಾಲದಲ್ಲೇ ಹೆಸರಿಸಿದ ಬಂದರು. ಇದಕ್ಕೂ ಕರ್ನಾಟಕದ ನಂಟುಂಟು. 1636ರ ಒಪ್ಪಂದದಿಂದ ಈ ಸೀಮೆ ಬಿಜಾಪುರದ ಆದಿಲ್‌ಶಾಹಿಗೆ ಸೇರಿತು. 1657ರಲ್ಲಿ ಶಿವಾಜಿ ಮಹಾರಾಜರು ಅದನ್ನು ಗೆದ್ದರು. ಇಲ್ಲೂ ಅದೇ ಎರಡು ನೀರು: ಖಾಡಿಯ ಮೇಲೆ ದುರ್ಗಾಡಿ ಕೋಟೆ, ಒಳಗೆ ಕಾಳಾ ತಲಾವ್. ಕೋಟೆ ರಾಜ್ಯಗಳಿಗೆ ಸಂಬಂಧಿಸಿದ್ದು, ಕೆರೆ ಊರಿನದು.

ಡೊಂಬಿವಲಿಯ ಮುಖ್ಯ ಹೆಗ್ಗುರುತು 1924ರ ಗಣೇಶ ಮಂದಿರ. ಯುಗಾದಿಯ ಶೋಭಾಯಾತ್ರೆ 1999ರಲ್ಲಿ ಮೊದಲಾದದ್ದು ಅದರ ಅಂಗಳದಿಂದ. ಅಲ್ಲಿಂದ ಅದು ಮಹಾರಾಷ್ಟ್ರದ ಊರೂರಿಗೆ ಹಬ್ಬಿತು. ಅದೇ ಊರಿನಲ್ಲಿ ಡೊಂಬಿವಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯವಿದೆ. ವಲಸೆ ಬಂದವರು ತಮ್ಮ ದುಡಿಮೆಯಿಂದ ಎತ್ತಿದ ಶಾಲೆಯ ಕಟ್ಟಡವೂ ಊರಿನ ನೋಡಬೇಕಾದ ಕಟ್ಟಡಗಳ ಪಟ್ಟಿಗೆ ಸೇರಬೇಕೆಂದು ನಾನು ನಂಬುತ್ತೇನೆ. ಕಟ್ಟಡದ ಚೆಲುವಿಗೆ ವಯಸ್ಸೊಂದೇ ಅಳತೆಯಲ್ಲ.

ನವಿ ಮುಂಬಯಿಯಲ್ಲಿ ಕ್ರಮ ತಿರುವುಮುರುವಾಗಿದೆ. 1960ರ ದಶಕದಲ್ಲಿ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹತಾ, ಶಿರೀಷ್ ಪಟೇಲ್ ಮುಂದಿಟ್ಟ ಯೋಚನೆಯಿಂದ ಹುಟ್ಟಿದ ಈ ನಗರವನ್ನು 1970ರಲ್ಲಿ ಸ್ಥಾಪನೆಯಾದ ಸಿಡ್ಕೋ ಕಟ್ಟಿತು. ಉಬ್ಬರದ ಮಟ್ಟಕ್ಕಿಂತ ತಗ್ಗಾದ ನೆಲ. ಆದ್ದರಿಂದ ಮಳೆನೀರು ನಿಲ್ಲಿಸುವ ಕೊಳಗಳನ್ನು ಯೋಜಕರು ಮೊದಲೇ ತೋಡಿಸಿದರು. ಬೇಲಾಪುರದಲ್ಲಿ ಕೊರಿಯಾ 1980ರ ದಶಕದಲ್ಲಿ ರೂಪಿಸಿದ ಕಲಾಗ್ರಾಮದ ಮನೆಗಳು ಸಣ್ಣ ಸಣ್ಣ ಅಂಗಳಗಳ ಸುತ್ತ ಗುಂಪುಗೂಡಿವೆ. ಹೊಸ ನಗರ ಕಟ್ಟಿದವರೂ ಕೊನೆಗೆ ಕಂಡುಕೊಂಡದ್ದು ನೀರಿಗೊಂದು ಜಾಗ ಬಿಟ್ಟು ಊರು ಕಟ್ಟುವ ಹಳೆಯ ತಿಳಿವನ್ನೇ.

8. ನಿಷ್ಕರ್ಷೆ

ಮೇಲಿನ ಸಾಕ್ಷ್ಯಗಳಿಂದ ಮೂರು ಮಾತುಗಳನ್ನು ಹೇಳಬಹುದು. ಒಂದು, ಠಾಣೆ ಕನ್ನಡ ಶಾಸನದಲ್ಲಿ ಹೆಸರು ಪಡೆದ ಊರು. ಒಂಬತ್ತನೆಯ ಶತಮಾನದ ಕಾನ್ಹೇರಿಯಿಂದ ಹನ್ನೆರಡನೆಯ ಶತಮಾನದ ನರೇಂದ್ರದವರೆಗೆ ಅದರ ಆಸ್ಥಾನ ಕನ್ನಡ ರಾಜ್ಯಗಳೊಡನೆ ನಿಷ್ಠೆ, ಯುದ್ಧ, ಬೀಗತನ, ವಿದ್ಯೆ ಎಂಬ ನಾಲ್ಕೂ ಬಗೆಯ ನಂಟನ್ನು ಇಟ್ಟುಕೊಂಡಿತ್ತು. ಎರಡು, ಆ ನಂಟು ಠಾಣೆಯನ್ನು ಕನ್ನಡನಾಡಾಗಿ ಮಾಡುವುದಿಲ್ಲ. ಮರಾಠಿ ಬರಹವಾಗಿ ಅರಳಿದ ನೆಲವೂ ಅದೇ, ಅದೇ ಕಾಲವೂ ಹೌದು. ಮೂರು, ಅಲ್ಲಿನ ಕಟ್ಟಡಗಳನ್ನು ಬಿಡಿಬಿಡಿಯಾಗಿ ನೋಡಿದರೆ ಅವು ಚೆಂದದ ಚಿತ್ರಗಳು. ಖಾಡಿ ಮತ್ತು ಕೆರೆಗಳ ನಡುವೆ ಇಟ್ಟು ನೋಡಿದರೆ ಅವು ಒಂದು ಊರಿನ ಕ್ರಮಬದ್ಧ ಕಥನ.

ಈ ಕಥನ ಉಳಿಯಬೇಕಾದರೆ ಕೆರೆಯ ಅಂಚು ಉಳಿಯಬೇಕು. ಗುಡಿ, ಇಗರ್ಜಿ, ರಂಗಮಂದಿರಗಳನ್ನು ಮತ್ತೆ ಕಟ್ಟಬಹುದು, ಠಾಣೆಯ ಜನ ಕಟ್ಟಿದ್ದಾರೆ. ಅವೆಲ್ಲವೂ ಯಾವುದರ ಸುತ್ತ ನಿಂತಿವೆಯೋ ಆ ನೀರು ಮುಚ್ಚಿಹೋದರೆ ಅವುಗಳ ನಡುವಿನ ಸಂಬಂಧವೇ ಅಳಿಯುತ್ತದೆ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಕನ್ನಡ ಸಂಘಗಳು ರಾಜ್ಯೋತ್ಸವದ ಜೊತೆಗೆ ಇನ್ನೊಂದು ಕೆಲಸವನ್ನು ಕೈಗೆತ್ತಿಕೊಳ್ಳಲಿ ಎಂಬುದು ನನ್ನ ವಿನಂತಿ. ನರೇಂದ್ರ ಶಾಸನದ ಠಾಣೆಯ ಭಾಗ, ಭಾಂಡುಪ್ ಪಟದ ಅಧಿಕಾರಿಗಳ ಸಾಲು, ಭಾದಾಣೆಯ ಪಟದ ರಾಷ್ಟ್ರಕೂಟ ಸ್ಮರಣೆ, ಅಕ್ಷಿಯ ಮರಾಠಿ ಬರಹ ಇವನ್ನು ಕನ್ನಡ ಮತ್ತು ಮರಾಠಿಗಳಲ್ಲಿ ಅರ್ಥಸಹಿತ ಒಂದು ಪುಸ್ತಿಕೆಯಾಗಿ ತಂದು, ಎರಡೂ ಭಾಷೆಯ ಶಾಲಾಮಕ್ಕಳನ್ನು ಒಟ್ಟಿಗೆ ಮಾಸುಂದಾ ದಂಡೆಗೆ ಕರೆತಂದು ಓದಿಸಬೇಕು. ಊರಿನ ಚರಿತ್ರೆಯನ್ನು ಕಲಿತ ಮಕ್ಕಳು ಆ ಊರಿನಲ್ಲಿ ಹೊರಗಿನವರಾಗಿ ಬೆಳೆಯುವುದಿಲ್ಲ. ತಮ್ಮದೆಂದು ತಿಳಿದ ಕೆರೆಯನ್ನು ಮುಚ್ಚಲು ಅವರು ಬಿಡುವುದೂ ಇಲ್ಲ.